ಬತ್ತೆ ಮತ್ತು ಬತ್ತೆ: ಅಜ್ಜಿಯ ಪಾಡ್ದನವನ್ನು ಕನ್ನಡ ಲಿಪಿಯಲ್ಲಿ ಬರೆಯುವುದು ಹೇಗೆ?

ನೇಜಿಗದ್ದೆ, ಬೆಳ್ಮಣ್

ನಮಸ್ಕಾರ. ಒಂದು ಅಕ್ಷರದ ಸಮಸ್ಯೆ ಹಿಡಿದುಕೊಂಡು ಬಂದಿದ್ದೇನೆ. ಮೊದಲು ಸಣ್ಣದು ಅನಿಸಿತ್ತು. ಈಗ ಮೂರು ತಿಂಗಳಾಯಿತು, ಅಲ್ಲಿಂದ ಮುಂದೆ ಹೋಗಲಿಕ್ಕೆ ಆಗಿಲ್ಲ.

ನಾನು ತುಳು ಪಾಡ್ದನಗಳ, ಅಂದರೆ ಕತೆ ಹೇಳುವ ಹಾಡುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ನಮ್ಮ ಮನೆಯಿಂದ ಎರಡು ಗದ್ದೆ ದಾಟಿದರೆ ಒಬ್ಬರು ಅಜ್ಜಿಯ ಮನೆ. 78 ವರ್ಷ. ಸಣ್ಣ ಹುಡುಗಿಯಾಗಿದ್ದಾಗಲೇ ನೇಜಿ (ಭತ್ತದ ಸಸಿ) ನೆಡಲು ಗದ್ದೆಗೆ ಇಳಿದವರು. ಎಣೆಲು, ಸುಗ್ಗಿ ಎರಡೂ ಬೆಳೆಗೆ ಊರಿಡೀ ಹೋಗುತ್ತಿದ್ದರಂತೆ. ಒಬ್ಬರು ಸಾಲು ಎತ್ತಿಕೊಡುವುದು, ಉಳಿದವರು ಹಿಂದಿನಿಂದ ಹೇಳುವುದು. ಎತ್ತಿಕೊಡುತ್ತಿದ್ದವರು ಇವರು. ಸಿರಿ ಅನ್ನುವ ಹೆಣ್ಣಿನ ಕತೆಯ ಪಾಡ್ದನ ಇವರ ಬಾಯಲ್ಲಿ ಉಂಟು. ಈಗ ನಮ್ಮ ಕಡೆ ನಾಟಿಗೆ ಮೆಷಿನ್ ಬಂದಿದೆ. ಹತ್ತು ಹೆಂಗಸರು ಒಟ್ಟಿಗೆ ಬಗ್ಗಿ ನಿಲ್ಲುವ ಗದ್ದೆಯೇ ಇಲ್ಲ. ಮತ್ತೆ ಹಾಡುವುದು ಎಲ್ಲಿ?

ಮೊದಲ ದಿನ ಮೊಬೈಲ್ ಹಿಡಿದುಕೊಂಡು ಹೋದೆ. ಅಜ್ಜಿ ಕೈಕಾಲು ತೊಳೆದು, ಒಳ್ಳೆ ಸೀರೆ ಉಟ್ಟು ಜಗಲಿಯಲ್ಲಿ ಕೂತರು. ಕೈ ಎರಡೂ ಮಡಿಲಲ್ಲಿ. ಹತ್ತು ಸಾಲು ಹೇಳಿ ನಿಲ್ಲಿಸಿದರು. "ಮದತ್ ಪೋಂಡು ಮಗಾ" ಅಂದರು. ಮರೆತು ಹೋಯಿತು ಅಂತ. ನನಗೆ ಅಳುವೇ ಬಂತು. ಐದು ವರ್ಷ ಮೊದಲೇ ಬರಬೇಕಿತ್ತು ಅನಿಸಿತು.

ಎರಡು ದಿನ ಬಿಟ್ಟು ಸಂಜೆ ಸುಮ್ನೆ ಮಾತಾಡಲು ಹೋದೆ. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ಸುರುಟಿ ನೂಲು ಸುತ್ತುವುದು. ಕೈ ಓಡಿದ ಹಾಗೆ ಹಾಡೂ ಬಂತು. "ಡೆನ್ನ ಡೆನ್ನಾನ" ಅಂತ ಶುರುವಾದದ್ದು ದೀಪ ಹಚ್ಚುವವರೆಗೆ ನಿಲ್ಲಲಿಲ್ಲ. ಕೈಗೆ ಕೆಲಸ ಬೇಕಿತ್ತು, ಅಷ್ಟೇ. ಹೀಗೆ ನಾಲ್ಕು ಸಂಜೆ, ಒಟ್ಟು 2 ಗಂಟೆ 40 ನಿಮಿಷ. ಹಾಡಿನ ಹಿಂದೆ ಕತ್ತರಿಯ ಸದ್ದು ಉದ್ದಕ್ಕೂ ಕೇಳುತ್ತದೆ.

ಈಗ ಸಮಸ್ಯೆಗೆ ಬರುತ್ತೇನೆ. "ಯಾನ್ ಬತ್ತೆ" ಅಂದರೆ ನಾನು ಬಂದೆ. "ಆಯೆ ಬತ್ತೆ" ಅಂದರೆ ಅವನು ಬಂದ. ತುಳು ಮಾತಾಡುವವರ ಕಿವಿಗೆ ಈ ಎರಡು ಬತ್ತೆ ಬೇರೆ ಬೇರೆ. ಮೊದಲನೆಯದರ ಕೊನೆಯಲ್ಲಿ ಬಾಯಿ ಸ್ವಲ್ಪ ಜಾಸ್ತಿ ತೆರೆಯುತ್ತದೆ. ಎ ಮತ್ತು ಅ ನಡುವಿನ ಒಂದು ಸ್ವರ ಅದು. ಕನ್ನಡದಲ್ಲಿ ಅದಕ್ಕೆ ಅಕ್ಷರ ಇಲ್ಲ. ಬರೆದರೆ ಎರಡೂ ಒಂದೇ. ಮಾತಿನಲ್ಲಿ ಯಾನ್, ಆಯೆ ಅಂತ ಜೊತೆಗೆ ಇರುವುದರಿಂದ ತೊಂದರೆ ಇಲ್ಲ. ಹಾಡಿನಲ್ಲಿ ಹಾಗಲ್ಲ. ಅಜ್ಜಿ ಎಷ್ಟೋ ಕಡೆ ಯಾನ್, ಆಯೆ ಎರಡನ್ನೂ ಬಿಟ್ಟುಬಿಡುತ್ತಾರೆ. ಸಿರಿ ತಾನು ಬಂದದ್ದನ್ನು ಹೇಳುತ್ತಿದ್ದಾಳೋ, ಗಂಡ ಬಂದದ್ದನ್ನೋ, ಅದು ಆ ಕೊನೆಯ ಸ್ವರದಲ್ಲಿ ಮಾತ್ರ ಉಂಟು. ನಾನು ಬರೆದ ಕಾಗದದಲ್ಲಿ ಅದು ಇಲ್ಲ.

ಕೊನೆಯ ಅರ್ಧ ಉಕಾರವೂ ಹೀಗೇ. ಇಲ್ಲ್, ಕಣ್ಣ್, ಕಾಡ್ ಅಂತ ಅರ್ಧಾಕ್ಷರ ಹಾಕಿ ಬರೆಯುತ್ತೇವೆ. ಅಜ್ಜಿ ಹಾಡುವಾಗ ಆ ಅರ್ಧ ಸ್ವರವನ್ನೇ ಉಸಿರು ಮುಗಿಯುವವರೆಗೆ ಎಳೆಯುತ್ತಾರೆ. ಅರ್ಧಾಕ್ಷರಕ್ಕೆ ದೀರ್ಘ ಹಾಕುವುದು ಹೇಗೆ?

ಸದ್ಯಕ್ಕೆ "ನಾನು" ಬರುವ ಕಡೆ ಪೆನ್ಸಿಲಿನಲ್ಲಿ ಅಡಿಗೆರೆ ಹಾಕುತ್ತಿದ್ದೇನೆ. ಒಂದು ನಿಮಿಷದ ಹಾಡಿಗೆ ಒಂದು ಗಂಟೆ ಬೇಕು. ಈ ಕೆಲಸ ಮಾಡಿದವರು ಇಲ್ಲಿ ಇದ್ದರೆ ಹೇಳಿ. ಸಾಲು ಎಲ್ಲಿ ಮುರಿಯುತ್ತೀರಿ? ಉಸಿರು ನಿಂತಲ್ಲೋ, ಅರ್ಥ ಮುಗಿದಲ್ಲೋ?

ಹಳೆ ಮಾಷ್ಟ್ರು, ಉಡುಪಿ

ತಂಗೀ, ಮೊದಲು ಒಂದು ಮಾತು. ಈ ಕಷ್ಟ ನಿನಗೆ ಮಾತ್ರ ಬಂದದ್ದಲ್ಲ. ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಉಂಟಲ್ಲ, ಅಲ್ಲಿ ತುಳು ನಿಘಂಟಿನ ಕೆಲಸ ನಡೆಯುವಾಗ ಇದೇ ಅಕ್ಷರದ ಮುಂದೆ ದೊಡ್ಡ ದೊಡ್ಡ ವಿದ್ವಾಂಸರು ಕೂತಿದ್ದರು. ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಕೇಂದ್ರ ಅದು. ಡಾ. ಯು.ಪಿ. ಉಪಾಧ್ಯಾಯರು ನಿಘಂಟಿನ ಪ್ರಧಾನ ಸಂಪಾದಕರು. 1988ರಲ್ಲಿ ಮೊದಲ ಸಂಪುಟ, 1997ರಲ್ಲಿ ಆರನೆಯದ್ದು. ಆಗ ನಾನು ಹೊಸ ಮಾಷ್ಟ್ರು. ಆ ಸಂಪುಟಗಳನ್ನು ಒಂದೊಂದಾಗಿ ಕಾದು ಓದಿದವ.

ಅವರು ಏನು ಮಾಡಿದರು ನೋಡು. ಶಬ್ದವನ್ನು ಕನ್ನಡ ಲಿಪಿಯಲ್ಲಿ ಕೊಟ್ಟರು, ಪಕ್ಕದಲ್ಲೇ ಚಿಹ್ನೆ ಹಾಕಿದ ರೋಮನ್ ಅಕ್ಷರದಲ್ಲೂ ಕೊಟ್ಟರು. ಅರ್ಥ ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಅದಕ್ಕಿಂತ ದೊಡ್ಡದು ಇನ್ನೊಂದು ಉಂಟು. ಒಂದು ಶಬ್ದ ಸರಿ, ಉಳಿದದ್ದೆಲ್ಲ ತಪ್ಪು ಅಂತ ಅವರು ತೀರ್ಪು ಕೊಡಲಿಲ್ಲ. "ಎಂತ" ಅಂತ ಕೇಳುವುದಕ್ಕೆ ತುಳುವಿನಲ್ಲಿ ದಾದ, ದಾನೆ, ಜಾನೆ, ಎಂಚಿನ ಎಲ್ಲ ಉಂಟು. ಊರು ಬದಲಾದರೆ, ಜಾತಿ ಬದಲಾದರೆ ಶಬ್ದ ಬದಲಾಗುತ್ತದೆ. ಯಾವ ರೂಪ ಎಲ್ಲಿಯದ್ದು ಅಂತ ದಾಖಲು ಮಾಡಿದರು. ಆದ್ದರಿಂದ ಅಜ್ಜಿಯ ಬಾಯಲ್ಲಿ ಹೇಗೆ ಬಂತೋ ಹಾಗೇ ಬರೆ. ನಿನ್ನ ಮನೆಯ ತುಳುವಿಗೆ ತಿದ್ದಬೇಡ.

ಚಿಹ್ನೆ ಯಾವುದು ಬೇಕಾದರೂ ಇಟ್ಟುಕೋ. ಅಡಿಗೆರೆಯೂ ಆದೀತು. ಆದರೆ ಮೊದಲ ಪುಟದಲ್ಲಿ ಒಂದು ಪಟ್ಟಿ ಮಾಡಿ, ಯಾವ ಗುರುತಿಗೆ ಯಾವ ಸ್ವರ ಅಂತ ಹೇಳಿಬಿಡು. ನಡುವಿನಲ್ಲಿ ಬದಲಾಯಿಸಬೇಡ.

ಸಾಲಿನ ಬಗ್ಗೆ ಕೇಳಿದೆ. ಗದ್ದೆಯ ಹಾಡಿನಲ್ಲಿ ಸಾಲು ಮುಗಿಯುವುದು ಹಿಂದಿನವರು ಎತ್ತಿಕೊಳ್ಳುವಲ್ಲಿ. ನಿನ್ನ ಅಜ್ಜಿ ಒಬ್ಬರೇ ಹಾಡಿದ್ದಾರೆ, ಹಾಗಾಗಿ ನಿನಗೆ ಅದು ಕೇಳುತ್ತಿಲ್ಲ. ಅವರ ಜೊತೆ ಗದ್ದೆಗೆ ಹೋಗುತ್ತಿದ್ದವರು ಒಬ್ಬರಾದರೂ ಇದ್ದರೆ ಪಕ್ಕದಲ್ಲಿ ಕೂರಿಸಿ ನೋಡು.

ಪಡುಕರೆ, ಮಲ್ಪೆ

ಮಾಷ್ಟ್ರಿಗೆ ನಮಸ್ಕಾರ. ಆದರೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ರೋಮನ್ ಅಕ್ಷರ, ಅಡಿಗೆರೆ, ಮೇಲೆ ಚುಕ್ಕೆ, ಇವೆಲ್ಲ ಯಾರಿಗೆ? ನನ್ನ ಅಮ್ಮ ಏಳನೇ ಕ್ಲಾಸು ಓದಿದವರು. ಪೇಪರ್ ಓದುತ್ತಾರೆ. ಪಾಡ್ದನದ ಪುಸ್ತಕ ಕೊಟ್ಟರೆ ರಾಗ ಹಾಕಿ ಹಾಡುತ್ತಾರೆ. ಗುರುತು ತುಂಬಿದ ಪುಟ ಕೊಟ್ಟರೆ ಮಡಚಿ ಇಡುತ್ತಾರೆ. ತುಳು ಗೊತ್ತಿದ್ದವರಿಗೆ ಬತ್ತೆ ಯಾವುದು ಅಂತ ಕತೆಯಲ್ಲೇ ತಿಳಿಯುತ್ತದೆ. ನಮ್ಮವರ ಹಾಡನ್ನು ನಮ್ಮವರೇ ಓದಲು ಆಗದ ಹಾಗೆ ಅಚ್ಚು ಹಾಕಿದರೆ ಏನು ಪ್ರಯೋಜನ? ಸಂಶೋಧನೆ ಅಂದರೆ ಊರಿಗೂ ಸ್ವಲ್ಪ ಸಿಗಬೇಕು ಅಲ್ವಾ?

ಹಳೆ ಮಾಷ್ಟ್ರು, ಉಡುಪಿ

ಸಿಗಬೇಕು. ಅದಕ್ಕೇ ಎರಡು ಪ್ರತಿ ಮಾಡಬೇಕು ಅನ್ನುತ್ತೇನೆ. ಒಂದು ನಿಮ್ಮ ಅಮ್ಮನಿಗೆ, ಒಂದು ಐವತ್ತು ವರ್ಷ ಬಿಟ್ಟು ಬರುವ, ತುಳು ಮನೆಯಲ್ಲಿ ಕೇಳದೆ ಬೆಳೆದ ಮಕ್ಕಳಿಗೆ. ಆ ಮಕ್ಕಳಿಗೆ ಕತೆಯಿಂದ ತಿಳಿಯಲಿಕ್ಕಿಲ್ಲ.

ನೇಜಿಗದ್ದೆ, ಬೆಳ್ಮಣ್

ಪಡುಕರೆ ಅಣ್ಣ, "ಕತೆಯಲ್ಲೇ ತಿಳಿಯುತ್ತದೆ" ಅಂತ ನಾನೂ ನಂಬಿದ್ದೆ. ನಾನೂ ತುಳುವಿನಲ್ಲೇ ಬೆಳೆದವಳು. ಆದರೂ ಹೋದ ತಿಂಗಳು ಒಂದು ತಪ್ಪು ಮಾಡಿದೆ. ಹೇಳುತ್ತೇನೆ.

ಹಾಡಿನಲ್ಲಿ ಒಂದು ಕಡೆ "ಮೂಜಿ ಕಲಸೆ ಅರಿ" ಅಂತ ಬರುತ್ತದೆ. ಮೂಜಿ ಅಂದರೆ ಮೂರು, ಅರಿ ಅಂದರೆ ಅಕ್ಕಿ. ಕಲಸೆ ಅನ್ನುವುದನ್ನು ನಾನು ಕಲಶ ಅಂತ ಕೇಳಿಸಿಕೊಂಡೆ. ಮೂರು ಕಲಶದಲ್ಲಿ ಅಕ್ಕಿ ತುಂಬಿ ಇಟ್ಟಿದ್ದಾರೆ, ಇದು ಏನೋ ಪೂಜೆಯ ಸಂದರ್ಭ ಅಂದುಕೊಂಡೆ. ಅದರ ಮೇಲೆ ಎರಡು ಪುಟ ಬರೆದೆ. ಕಲಶ ಸ್ಥಾಪನೆ, ಫಲವಂತಿಕೆ, ಹೆಣ್ಣಿನ ಸಂಕೇತ, ಎಲ್ಲ ಸೇರಿಸಿದೆ. ಬರೆದದ್ದು ನೋಡಲು ಚಂದ ಇತ್ತು.

ಅಜ್ಜಿಯ ಹತ್ತಿರ ಓದಿ ಹೇಳಿದೆ. ಅವರು ಕತ್ತರಿ ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಎರಡೂ ಕೈ ಅಗಲಿಸಿ ತೋರಿಸಿದರು, ಇಷ್ಟು ದೊಡ್ಡ ಬೈಹುಲ್ಲಿನ ಮುಡಿ ಅಂತ. ಕಲಸೆ ಅಂದರೆ ಅಕ್ಕಿಯ ಅಳತೆ. ಕಳಸೆ ಅಂತಲೂ ಹೇಳುತ್ತಾರೆ. 14 ಸೇರಿಗೆ ಒಂದು ಕಲಸೆ. ಮೂರು ಕಲಸೆಗೆ ಒಂದು ಮುಡಿ, ಅಂದರೆ 42 ಸೇರು. ಹಾಡಿನಲ್ಲಿ ಇರುವುದು ಒಂದು ಮುಡಿ ಅಕ್ಕಿಯ ಲೆಕ್ಕ. ಆಳುಗಳಿಗೆ ಅಳೆದು ಕೊಡುವುದು. ಅಜ್ಜಿ ಎಳೆ ವಯಸ್ಸಿನಲ್ಲಿ ಆ ಅಕ್ಕಿ ಅಳೆಯುವುದನ್ನು ಅಂಗಳದಲ್ಲಿ ನಿಂತು ಕಾದವರು. ಅದನ್ನು ಹೇಳುವಾಗ ಅವರ ಸ್ವರ ಸಣ್ಣಗಾಯಿತು. ನನ್ನ ಎರಡು ಪುಟವನ್ನು ಅಲ್ಲೇ ಹರಿದೆ.

ಅದಕ್ಕೆ ಅಣ್ಣ, ಇದು ಬರೀ ಪಂಡಿತರ ಕೆಲಸ ಅಲ್ಲ. ಒಂದು ಸ್ವರ ತಪ್ಪಿದರೆ ಕೂಲಿಯ ಅಕ್ಕಿ ದೇವರ ಕಲಶ ಆಗುತ್ತದೆ.

ಪಡುಕರೆ, ಮಲ್ಪೆ

ಸರಿ ತಂಗಿ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಎರಡು ಪ್ರತಿ ಮಾಡು, ಆದರೆ ಅಮ್ಮನ ಪ್ರತಿ ಮೊದಲು ಬರಲಿ.

ಬಲ್ಮಠದ ಗುಡ್ಡೆ, ಮಂಗಳೂರು

ಅಕ್ಷರದ ಬೇರು ಎಲ್ಲಿ ಉಂಟು ಅಂತ ಸ್ವಲ್ಪ ಹೇಳಲಾ? ನನಗೆ ಹಳೆ ಅಚ್ಚಿನ ಪುಸ್ತಕ ಅಂದರೆ ಪ್ರಾಣ.

ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಇಲ್ಲೇ ಬಲ್ಮಠದಲ್ಲಿ ಪ್ರೆಸ್ ಶುರು ಮಾಡಿದರು. 1843ರ ಜುಲೈ 1ಕ್ಕೆ ಮೋಗ್ಲಿಂಗ್ ಸಂಪಾದಕತ್ವದಲ್ಲಿ ಮಂಗಳೂರ ಸಮಾಚಾರ ಹೊರಟಿತು. ಕನ್ನಡದ ಮೊದಲ ಪತ್ರಿಕೆ ಅಂತ ಎಲ್ಲರಿಗೂ ಗೊತ್ತು. ತುಳುವನ್ನು ಅಚ್ಚಿಗೆ ತಂದದ್ದೂ ಅವರೇ. ಕೈಯಲ್ಲಿ ಇದ್ದದ್ದು ಕನ್ನಡದ ಅಚ್ಚುಮೊಳೆ. ಅದರಲ್ಲೇ ತುಳು ಕೂರಿಸಿದರು. 1872ರಲ್ಲಿ ಬ್ರಿಗೆಲ್ ತುಳು ವ್ಯಾಕರಣ ಬಂತು. 1886ರಲ್ಲಿ ಮ್ಯಾನರ್ ತುಳು-ಇಂಗ್ಲಿಷ್ ನಿಘಂಟು ಬಂತು. ಅದೇ ವರ್ಷ ಅವರೇ ಪಾಡ್ದನಗಳ ಒಂದು ಸಂಗ್ರಹವನ್ನೂ ಅಚ್ಚು ಮಾಡಿದರು. ನಾವು ಇವತ್ತು ತುಳುವನ್ನು ಕನ್ನಡ ಅಕ್ಷರದಲ್ಲಿ ಕಣ್ಣು ಮಿಟುಕಿಸದೆ ಓದುವುದು ಆ ಮೊಳೆಗಳಿಂದ ಬಂದ ಅಭ್ಯಾಸ.

ಕೊಂಕಣಿಯ ಕತೆಯೂ ಹತ್ತಿರ ಹತ್ತಿರ ಹೀಗೇ. ಇಟಲಿಯಿಂದ ಬಂದ ಮಫೈ ಪಾದ್ರಿಗಳ ಕೊಂಕಣಿ ವ್ಯಾಕರಣ 1882ರಲ್ಲಿ ಬಂತು, ಮಾರನೇ ವರ್ಷ ನಿಘಂಟು.

ಇನ್ನೊಬ್ಬರನ್ನು ಹೇಳದೆ ಇರಲು ಆಗುವುದಿಲ್ಲ. ಇಲ್ಲಿ ಜಡ್ಜ್ ಆಗಿದ್ದ ಬರ್ನೆಲ್. ಸಂಸ್ಕೃತದ ದೊಡ್ಡ ವಿದ್ವಾಂಸರು. ಭೂತಾರಾಧನೆ ಮತ್ತು ಪಾಡ್ದನಗಳ ಬಗ್ಗೆ ಸಾಮಗ್ರಿ ಕೂಡಿಸಿದ್ದರು. 1882ರಲ್ಲಿ ತೀರಿಕೊಂಡರು. ಆ ಬರಹಗಳು ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಬಂದದ್ದು 1894ರಿಂದ 97ರವರೆಗೆ, ಅವರು ಹೋಗಿ ಹನ್ನೆರಡು ವರ್ಷ ಆದ ಮೇಲೆ. ಅದರಲ್ಲಿ ಕೋಟಿ ಚೆನ್ನಯರ ಪಾಡ್ದನವೂ ಉಂಟು. ಆ ಸಂಗ್ರಹಗಳನ್ನು ಇಂದಿಗೂ ನಾವು ತೆರೆದು ನೋಡುತ್ತೇವೆ. ಆದರೆ ಪುಟ ಹಾಡುವುದಿಲ್ಲ. ನಿಮ್ಮ ಹತ್ತಿರ ಧ್ವನಿ ಉಂಟು. ಅಕ್ಷರ ಎಷ್ಟು ಸರಿ ಮಾಡಿದರೂ ಆ ಧ್ವನಿಯನ್ನು ಮೂರು ಕಡೆ ಉಳಿಸಿ ಇಡಿ. ಬರೀ ಮೊಬೈಲಿನಲ್ಲಿ ಬೇಡ.

ತುಳುವ, ಸುರತ್ಕಲ್

ನನಗೆ ಇಷ್ಟು ಚರ್ಚೆ ಯಾಕೆ ಅಂತಲೇ ಅರ್ಥ ಆಗುತ್ತಿಲ್ಲ. ತುಳುವಿಗೆ ಸ್ವಂತ ಲಿಪಿ ಉಂಟು. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಸೇರಿಯೂ ಆಯಿತು. ಅದರಲ್ಲೇ ಬರೆಯಿರಿ. ನಮ್ಮ ಭಾಷೆ ನಮ್ಮ ಲಿಪಿ.

ಹಳೆ ಮಾಷ್ಟ್ರು, ಉಡುಪಿ

ಲಿಪಿ ಸೇರಿದ್ದು ನನಗೂ ಖುಷಿ. ವೆಂಕಟರಾಜ ಪುಣಿಂಚತ್ತಾಯರು ಓಲೆಗರಿಯಿಂದ ತುಳು ಭಾಗವತವನ್ನು ಹೊರಗೆ ತಂದಿರದಿದ್ದರೆ ತುಳುವಿಗೆ ಹಳೆಯ ಕಾವ್ಯ ಉಂಟು ಅಂತ ಎಷ್ಟು ಜನರಿಗೆ ಗೊತ್ತಾಗುತ್ತಿತ್ತು? ಆದರೆ ತಮ್ಮಾ, ಆ ಲಿಪಿಯಲ್ಲಿ ನಮ್ಮ ಹಿರಿಯರು ಬರೆದದ್ದು ಜಾಸ್ತಿ ಸಂಸ್ಕೃತ. ವೇದ, ಮಂತ್ರ, ಶಾಸ್ತ್ರ. ನೇಜಿ ನೆಡುವ ಹೆಂಗಸಿನ ಬಾಯಿಯ ಸ್ವರಕ್ಕೆ ಅಂತ ಅದು ಹುಟ್ಟಿದ್ದಲ್ಲ. ಲಿಪಿ ಬದಲಾಯಿಸಿದರೆ ಬತ್ತೆಯ ಸಮಸ್ಯೆ ಹೊಸ ಲಿಪಿಗೆ ಹೋಗಿ ಕೂರುತ್ತದೆ. ಲಿಪಿ ಕಲಿಸುವ ಕೆಲಸ ಬೇರೆ, ಅದು ನಡೆಯಲಿ. ಈ ಹುಡುಗಿಯ ಕೆಲಸವನ್ನು ಅದಕ್ಕೆ ಕಾಯಿಸಬೇಡ.

ಹೊಳೆಬದಿ, ಕುಂದಾಪುರ

ನಮ್ಮದು ತುಳು ಅಲ್ಲ, ಕುಂದಾಪ್ರ ಕನ್ನಡ. ಆದರೂ ಒಂದು ಅನುಭವ ಹೇಳುತ್ತೇನೆ, ನಿಮಗೆ ಉಪಯೋಗ ಆದೀತು.

ನಾನು ಎಂ.ಎ.ಯಲ್ಲಿ ನಮ್ಮ ಕಡೆಯ ಮಾತಿನ ಬಗ್ಗೆ ಸಣ್ಣ ಪ್ರಬಂಧ ಬರೆದೆ. ಪ್ರಶ್ನೆಗಳ ಪಟ್ಟಿ ಮಾಡಿಕೊಂಡು ಮನೆ ಮನೆಗೆ ಹೋದೆ. "ನೀವು ಬೆಳಿಗ್ಗೆ ಏನು ತಿನ್ನುತ್ತೀರಿ?" ಅಂತ ಪುಸ್ತಕದ ಕನ್ನಡದಲ್ಲಿ ಕೇಳಿದೆ. ಎಲ್ಲರೂ ಪುಸ್ತಕದ ಕನ್ನಡದಲ್ಲೇ ಉತ್ತರ ಕೊಟ್ಟರು. ನನ್ನ ಸ್ವಂತ ದೊಡ್ಡಮ್ಮ ನನ್ನ ಎದುರು "ಬರುತ್ತಾರೆ, ಹೋಗುತ್ತಾರೆ" ಅಂತ ಶುರು ಮಾಡಿದರು. ಕಾಗದ ಚೀಲಕ್ಕೆ ಹಾಕಿ ಹೊರಡುವಾಗ ಅಂಗಳದಲ್ಲಿ ದನಕ್ಕೆ ಬೈದರು ನೋಡಿ, ಆಗ ಬಂತು ನಿಜವಾದ ಮಾತು. "ಅವ ಬತ್ತ", "ಅವ್ಳ್ ಬತ್ಲ್" ಅಂತ ನಿಮಿಷಕ್ಕೆ ಹತ್ತು ರೂಪ. ಅದನ್ನು ಬರೆದುಕೊಳ್ಳಲು ಗೇಟಿನ ಹತ್ತಿರ ನಿಂತೆ.

ನಿಮ್ಮ ಅಜ್ಜಿ ಬೀಡಿ ಕಟ್ಟುವಾಗ ಹಾಡಿದ್ದು ಓದಿ ಅದೇ ನೆನಪಾಯಿತು. ನಾವು ಹೇಗೆ ಕೇಳುತ್ತೇವೋ ಹಾಗೆ ಅವರು ಮಾತಾಡುತ್ತಾರೆ. ಪ್ರಬಂಧದಲ್ಲಿ ಅಜ್ಜಿ ಎಲ್ಲಿ ಕೂತಿದ್ದರು, ಕೈಯಲ್ಲಿ ಏನಿತ್ತು, ಪಕ್ಕದಲ್ಲಿ ಯಾರಿದ್ದರು ಅಂತ ಬರೆಯಲು ಮರೆಯಬೇಡಿ.

ಕಪ್ಪು ಕೋಟು, ಮಂಗಳೂರು

ನಾನು ವಕೀಲ, ಸಾಹಿತ್ಯದವನಲ್ಲ. ಒಂದು ಪ್ರಶ್ನೆ ಉಂಟು. ಸಿರಿಯ ಕತೆಯಲ್ಲಿ ಬಸುರಿ ಹೆಂಗಸು ಬಯಕೆಯ ಸೀರೆಯನ್ನು ಬೇಡ ಅನ್ನುತ್ತಾಳೆ. ಆ ಸೀರೆಯನ್ನು ಗಂಡ ಮೊದಲು ಇನ್ನೊಬ್ಬಳಿಗೆ ತೋರಿಸಿ ತಂದಿದ್ದಾನೆ ಅಂತ. ಮುಂದೆ ಅವನನ್ನು ಬಿಟ್ಟು ಹೊರಡುತ್ತಾಳೆ. ಮರುಮದುವೆಯೂ ಆಗುತ್ತಾಳೆ. ಇದು ನಮ್ಮ ಅಳಿಯಕಟ್ಟಿನ ಹಿನ್ನೆಲೆ ಇಲ್ಲದೆ ಅರ್ಥ ಆಗುತ್ತದಾ? ಆಸ್ತಿ ತಾಯಿಯ ಕಡೆಯಿಂದ ಬರುತ್ತಿದ್ದ ಕಟ್ಟಳೆ ಅದು. ಗಂಡನ ಮನೆ ಬಿಟ್ಟರೂ ಹೆಣ್ಣಿಗೆ ನಿಲ್ಲಲು ತನ್ನದೊಂದು ಕುಟುಂಬ ಇತ್ತು. 1949ರಲ್ಲಿ ಮದ್ರಾಸ್ ಸರ್ಕಾರ ಅಳಿಯಸಂತಾನಕ್ಕೆ ಕಾಯ್ದೆ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಹಳೆಯ ಕಟ್ಟು ಮೆಲ್ಲಗೆ ಕರಗಿತು. ಇವತ್ತೂ ನಮ್ಮ ಕೋರ್ಟಿನಲ್ಲಿ ಹಳೆ ಕವರು (ಕುಟುಂಬದ ಕವಲು), ಕುಟುಂಬದ ಪಾಲಿನ ಮಾತು ಬರುತ್ತದೆ.

ಹಾಡನ್ನು ದಾಖಲೆಯ ಹಾಗೆ ಓದಬೇಡಿ ಅಂತ ನಾನೇ ಹೇಳುತ್ತೇನೆ. ಆದರೆ ಅಜ್ಜಿ ಆ ಜಾಗವನ್ನು ಹೇಗೆ ಹಾಡುತ್ತಾರೆ? ಅದು ತಿಳಿಯಬೇಕು ಅನಿಸಿತು.

ನೇಜಿಗದ್ದೆ, ಬೆಳ್ಮಣ್

ಸರ್, ನಿಮ್ಮ ಪ್ರಶ್ನೆ ಓದಿ ರಾತ್ರಿ ಆ ಭಾಗವನ್ನು ಪುನಃ ಕೇಳಿದೆ. ಇಯರ್‌ಫೋನ್ ಹಾಕಿ, ಮೂರು ಸಲ.

ಸೀರೆ ಬೇಡ ಅನ್ನುವ ಸಾಲು ಬರುವ ಮೊದಲು ಕತ್ತರಿಯ ಸದ್ದು ನಿಲ್ಲುತ್ತದೆ. ಎರಡು ಗಂಟೆ ನಲವತ್ತು ನಿಮಿಷದಲ್ಲಿ ಹಾಡಿನ ನಡುವೆ ಕೈ ನಿಂತದ್ದು ಅಲ್ಲಿ ಮಾತ್ರ. ಸುಮಾರು ಒಂದೂವರೆ ನಿಮಿಷ. ಆ ಸಾಲನ್ನು ಎರಡು ಸಲ ಹೇಳುತ್ತಾರೆ. ಎರಡನೇ ಸಲ ರಾಗ ಇಲ್ಲ, ಮಾತಿನ ಹಾಗೆ ಹೇಳುತ್ತಾರೆ. ಆಮೇಲೆ ಒಂದು ಉಸಿರು, ಪುನಃ ಕತ್ತರಿ. ಇಷ್ಟು ದಿನ ನಾನು ಬರೀ ಶಬ್ದ ಕೇಳುತ್ತಿದ್ದೆ, ಇದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಈ ಹಾಡಿನಲ್ಲಿ ಅಳಿಯಕಟ್ಟಿನ ಬಗ್ಗೆ ನೇರವಾಗಿ ಒಂದು ಸಾಲೂ ಇಲ್ಲ. ಆದರೆ ಅಜ್ಜಿಯ ಕೈ ಎಲ್ಲಿ ನಿಂತಿತು ಅನ್ನುವುದನ್ನು ನಾನು ಪ್ರಬಂಧದಲ್ಲಿ ಬರೆಯುತ್ತೇನೆ. ಯಾಕೆ ನಿಂತಿತು ಅಂತ ಅವರನ್ನು ಕೇಳುವುದೋ ಬೇಡವೋ, ಇನ್ನೂ ಗೊತ್ತಾಗುತ್ತಿಲ್ಲ.

ಹೊಳೆಬದಿ, ಕುಂದಾಪುರ

ಕೇಳಬೇಡಿ. ಹೇಳಬೇಕು ಅನಿಸಿದರೆ ಅವರೇ ಹೇಳುತ್ತಾರೆ.

ಅಮ್ಮನ ಕ್ಯಾಸೆಟ್, ಕಾಪು

ಬಹಳ ದಿನದಿಂದ ಇಲ್ಲಿ ಸುಮ್ಮನೆ ಓದುತ್ತಿದ್ದೆ. ಇವತ್ತು ಬರೆಯಬೇಕು ಅನಿಸಿತು.

ನನ್ನ ಅಮ್ಮ ಚೆನ್ನಾಗಿ ಹಾಡುತ್ತಿದ್ದರು. ಸುಮಾರು ಮೂವತ್ತು ವರ್ಷದ ಹಿಂದೆ ಒಬ್ಬರು ಸಂಶೋಧಕರು ನಮ್ಮ ಮನೆಗೆ ಬಂದಿದ್ದರು. ಯಾರು ಅಂತ ಹೇಳುವುದಿಲ್ಲ. ಒಳ್ಳೆಯವರೇ. ಮೂರು ದಿನ ಬಂದು ಟೇಪ್ ರೆಕಾರ್ಡರಿನಲ್ಲಿ ಐದು ಕ್ಯಾಸೆಟ್ ತುಂಬಿಸಿಕೊಂಡರು. ಅಮ್ಮ ಅವರಿಗೆ ನೀರುದೋಸೆ ಮಾಡಿ ಕೊಟ್ಟದ್ದು ನನಗೆ ನೆನಪಿದೆ. ಒಂದು ಪ್ರತಿ ತಂದು ಕೊಡುತ್ತೇನೆ ಅಂದಿದ್ದರು. ಕೊಡಲಿಲ್ಲ. ಆಮೇಲೆ ನಾನು ಎರಡು ಸಲ ಹೋಗಿ ಕೇಳಿದೆ. ಮನೆ ಬದಲಾಯಿಸುವಾಗ ಎಲ್ಲಿ ಹೋಯಿತೋ ಗೊತ್ತಿಲ್ಲ ಅಂದರು.

ಅಮ್ಮ ತೀರಿಕೊಂಡು ಹನ್ನೊಂದು ವರ್ಷ ಆಯಿತು. ಅವರ ಸ್ವರ ನಮ್ಮ ಮನೆಯಲ್ಲಿ ಎಲ್ಲಿಯೂ ಇಲ್ಲ. ಮದುವೆಯ ವಿಡಿಯೋದಲ್ಲಿ ಒಂದು ಕಡೆ "ಊಟಕ್ಕೆ ಬನ್ನಿ" ಅಂತ ಯಾರನ್ನೋ ಕರೆಯುವುದು ಮಾತ್ರ ಕೇಳುತ್ತದೆ. ನನ್ನ ಮಗಳಿಗೆ ಅದನ್ನೇ ಕೇಳಿಸುತ್ತೇನೆ.

ತಂಗಿ, ಅಕ್ಷರ ಹೇಗೆ ಬೇಕಾದರೂ ಬರೆ. ಮೊದಲು ಆ ರೆಕಾರ್ಡಿಂಗನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಅಜ್ಜಿಯ ಮನೆಗೆ ಕೊಟ್ಟು ಬಾ. ನಾಳೆಯೇ.

ನೇಜಿಗದ್ದೆ, ಬೆಳ್ಮಣ್

ಅಕ್ಕ, ನಾಳೆಯೇ ಕೊಡುತ್ತೇನೆ. ಅವರ ಮೊಮ್ಮಗನ ಮೊಬೈಲಿಗೂ ಹಾಕಿ ಕೊಡುತ್ತೇನೆ.

ಹಳೆ ಮಾಷ್ಟ್ರು, ಉಡುಪಿ

ಕಾಪುವಿನ ತಂಗಿಯ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ನಮ್ಮ ತಲೆಮಾರಿನಿಂದ ಇಂಥದ್ದು ಆಗಿದೆ. ಅದನ್ನು ಒಪ್ಪಬೇಕು.

ಆದರೆ ಸರಿಯಾಗಿ ಮಾಡಿದ್ದೂ ಉಂಟು. ಸಿರಿಯ ಪಾಡ್ದನದ್ದೇ ಉದಾಹರಣೆ. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಬಂದರು. ಇಲ್ಲಿಯ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಜೊತೆಗಿದ್ದರು. ಗೋಪಾಲ ನಾಯ್ಕರು ಹಾಡಿದರು. 1990ರ ಡಿಸೆಂಬರಿನಲ್ಲಿ ದಿನಗಟ್ಟಲೆ ಕೂತು ಹಾಡಿದ್ದನ್ನು ದಾಖಲು ಮಾಡಿದರು. 15,683 ಸಾಲು. 1998ರಲ್ಲಿ ಎರಡು ಸಂಪುಟವಾಗಿ, ತುಳು ಮೂಲ ಮತ್ತು ಇಂಗ್ಲಿಷ್ ಅನುವಾದ ಎದುರುಬದುರಾಗಿ ಬಂತು. ನಾನು ಅದರಲ್ಲಿ ಮೊದಲು ನೋಡಿದ್ದು ಪುಸ್ತಕದ ಹೆಸರನ್ನು. "ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯ" ಅಂತ ಹೆಸರಿನಲ್ಲೇ ಹಾಡಿದವರು ಇದ್ದಾರೆ. ಬರೆದುಕೊಂಡವರ ಹೆಸರು ಬೇರೆ ಕಡೆ.

ಇಷ್ಟು ದೊಡ್ಡ ಪಾಠ ಬಂದ ಮೇಲೆ ನಿನ್ನ ಅಜ್ಜಿಯದ್ದು ಸಣ್ಣದು ಅಂತ ತಿಳಿಯಬೇಡ. ಒಬ್ಬ ಗಂಡಸು ದಿನಗಟ್ಟಲೆ ಕೂತು ಹಾಡಿದ ಸಿರಿ ಬೇರೆ, ಒಬ್ಬ ಹೆಂಗಸು ಬೀಡಿ ಕಟ್ಟುತ್ತಾ ಹಾಡಿದ ಸಿರಿ ಬೇರೆ. ಎರಡೂ ಬೇಕು. ಅವರ ಹೆಸರು ಹಾಕಲು ಒಪ್ಪಿಗೆ ಕೇಳು. ಒಪ್ಪಿದರೆ ಮೊದಲ ಪುಟದಲ್ಲಿ ಹಾಕು. ಕೊನೆಯ ಕೃತಜ್ಞತೆಯ ಪಟ್ಟಿಯಲ್ಲಿ ಬೇಡ.

ಗುತ್ತಿನ ಜಗಲಿ, ಕವತ್ತಾರು

ಒಂದು ಎಚ್ಚರಿಕೆ. ಗದ್ದೆಯ ಪಾಡ್ದನ ಹಂಚಿಕೊಳ್ಳಿ, ತೊಂದರೆ ಇಲ್ಲ. ಆದರೆ ದೈವದ ಎದುರು ಹೇಳುವ ಸಂಧಿ (ದೈವದ ಕತೆಯ ಹಾಡು), ಸಿರಿಜಾತ್ರೆಯಲ್ಲಿ ಹೆಂಗಸರ ಮೈಮೇಲೆ ಬಂದಾಗ ಬರುವ ಮಾತು, ಅವು ಬೇರೆ. ನಮ್ಮ ಊರಿನ ಜಾತ್ರೆಯಲ್ಲಿ ಈಗ ಎಲ್ಲಿ ನೋಡಿದರೂ ಮೊಬೈಲ್ ಎತ್ತಿ ಹಿಡಿದವರು. ಮೈಮೇಲೆ ಬಂದ ಹೆಂಗಸಿನ ಮುಖ ಅರ್ಧ ಗಂಟೆಯಲ್ಲಿ ಊರೆಲ್ಲ ಓಡಾಡುತ್ತದೆ. ಅವಳು ಮಾರನೇ ದಿನ ಅಂಗಡಿಗೆ ಹೋಗುವುದು ಹೇಗೆ? ದೈವ ಕಟ್ಟುವ ನಲಿಕೆ, ಪಂಬದ, ಪರವರು ತಲೆಮಾರಿನಿಂದ ಕಾಪಾಡಿಕೊಂಡು ಬಂದ ನುಡಿಯನ್ನು ಅವರನ್ನು ಕೇಳದೆ ಎತ್ತಿಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ. ಸಂಶೋಧನೆ ಅಂದ ಮಾತ್ರಕ್ಕೆ ಎಲ್ಲ ಬಾಗಿಲು ತೆರೆಯಬೇಕು ಅಂತಿಲ್ಲ.

ನೇಜಿಗದ್ದೆ, ಬೆಳ್ಮಣ್

ಒಪ್ಪುತ್ತೇನೆ. ನಾನು ಜಾತ್ರೆಯಲ್ಲಿ ಒಂದೂ ರೆಕಾರ್ಡ್ ಮಾಡಿಲ್ಲ, ಮಾಡುವುದೂ ಇಲ್ಲ.

ಈಗ ಇವತ್ತಿನ ವಿಷಯ. ಮಾಷ್ಟ್ರು ಹೇಳಿದ ಹಾಗೆ ಅಜ್ಜಿಯ ಜೊತೆ ಗದ್ದೆಗೆ ಹೋಗುತ್ತಿದ್ದವರನ್ನು ಹುಡುಕಿದೆ. ಒಬ್ಬರೇ ಸಿಕ್ಕಿದರು, ನಂದಳಿಕೆಯಲ್ಲಿ ಮಗಳ ಮನೆಯಲ್ಲಿ ಇದ್ದಾರೆ. ರಿಕ್ಷಾದಲ್ಲಿ ಕರೆದುಕೊಂಡು ಬಂದೆ. ಇಬ್ಬರೂ ನೋಡದೆ ಏಳೆಂಟು ವರ್ಷ ಆಗಿತ್ತಂತೆ. ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಎರಡು ತಡ್ಪೆ ಬಂತು. ಇಬ್ಬರೂ ಬೀಡಿ ಕಟ್ಟಲು ಕೂತರು.

ಅಜ್ಜಿ ಎತ್ತಿಕೊಟ್ಟರು, ಅವರು ಹಿಂದಿನಿಂದ ಹೇಳಿದರು. ಸಾಲು ಎಲ್ಲಿ ಮುರಿಯಬೇಕು ಅಂತ ನಾನು ಮೂರು ತಿಂಗಳು ತಲೆ ಕೆಡಿಸಿಕೊಂಡದ್ದು ಐದು ನಿಮಿಷದಲ್ಲಿ ತೀರಿತು. ಅರ್ಧ ಉಕಾರ ಎಳೆಯುತ್ತಾರೆ ಅಂದಿದ್ದೆನಲ್ಲ, ಆ ಎಳೆತ ಸುಮ್ನೆ ಅಲ್ಲ. ಹಿಂದಿನವರಿಗೆ ಬಿಟ್ಟುಕೊಡುವ ಜಾಗ ಅದು. ಅಜ್ಜಿ ಅಲ್ಲಿ ಸ್ವರ ಹಿಡಿದು ನಿಲ್ಲುತ್ತಾರೆ, ಇವರು ಅಲ್ಲೇ ಸೇರುತ್ತಾರೆ. ಅಜ್ಜಿ ಒಬ್ಬರೇ ಹಾಡುವಾಗಲೂ ಆ ಜಾಗವನ್ನು ಖಾಲಿ ಬಿಟ್ಟೇ ಹಾಡುತ್ತಿದ್ದರು. ಈಗ ಅಲ್ಲಿ ಒಂದು ಸಣ್ಣ ಅಡ್ಡಗೆರೆ ಹಾಕಿ, ಮೊದಲ ಪುಟದ ಪಟ್ಟಿಯಲ್ಲಿ "ಜೊತೆಯವರು ಸೇರುವಲ್ಲಿ" ಅಂತ ಬರೆಯುತ್ತೇನೆ.

ನಡುವಿನಲ್ಲಿ ಒಂದು ಕಡೆ ಇಬ್ಬರಿಗೂ ಜಗಳ ಆಯಿತು. ಅಜ್ಜಿ ಬತ್ತೆ ಅಂತ ಬಾಯಿ ತೆರೆದು ಹೇಳಿದರು, ನಾನು ಬಂದೆ ಅಂತ. ಇವರು ಮುಚ್ಚಿ ಹೇಳಿದರು, ಅವನು ಬಂದ ಅಂತ. ಇಬ್ಬರೂ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದರು. ಇವರ ಪ್ರಕಾರ ಅಲ್ಲಿ ಬಾಗಿಲಿಗೆ ಬಂದದ್ದು ಗಂಡ. ಅಜ್ಜಿಯ ಪ್ರಕಾರ ಸಿರಿಯೇ ಹೊರಗೆ ಬಂದಳು. ಇಬ್ಬರೂ ಬಿಟ್ಟುಕೊಡಲಿಲ್ಲ. ಎರಡನ್ನೂ ಬರೆಯುತ್ತೇನೆ. ಒಂದರ ಕೆಳಗೆ ಒಂದು, ಯಾರು ಹೇಳಿದ್ದು ಯಾವುದು ಅಂತ.

ಹೆಸರಿನ ಬಗ್ಗೆ ಕೇಳಿದೆ. ಹಾಕು ಅಂದರು ಅಜ್ಜಿ. ಆದರೆ ತನ್ನದು ಮೊದಲು ಬೇಡವಂತೆ. ಹಾಡು ಕಲಿಸಿದ ಹೆಂಗಸಿನ ಹೆಸರು ಮೇಲೆ ಬರಬೇಕು, ಆಮೇಲೆ ತನ್ನದು. ಆ ಹೆಂಗಸು ತೀರಿಕೊಂಡು ಎಷ್ಟೋ ವರ್ಷ ಆಗಿದೆ. ಗದ್ದೆಯಲ್ಲಿ ಎಲ್ಲರೂ ಅವರನ್ನು ಮನೆಯ ಹೆಸರು ಹಿಡಿದು ಅಕ್ಕೆ ಅಂತಲೇ ಕರೆಯುತ್ತಿದ್ದರಂತೆ. ಸ್ವಂತ ಹೆಸರು ಏನು ಅಂತ ಇಬ್ಬರಿಗೂ ನೆನಪಾಗಲಿಲ್ಲ.

ಆ ಮನೆ ಈಗಲೂ ಉಂಟು, ಬೆಳ್ಮಣ್ ಪೇಟೆಯಿಂದ ಎರಡು ಕಿಲೋಮೀಟರ್. ಮಗ ಇದ್ದಾರಂತೆ. ಭಾನುವಾರ ಬೆಳಿಗ್ಗೆ ಹೋಗಿ ಕೇಳುತ್ತೇನೆ.